ಮೊದಲ ಗಂಟು

ಶಿಡ್ಲಘಟ್ಟ, ಗೂಡಿನ ಮಾರುಕಟ್ಟೆ ಹಿಂದಿನ ಗಲ್ಲಿ.
ಕೆಳಗೆ ನಮ್ಮ ನೂಲು ತೆಗೆಯುವ ಮನೆ, ಮಹಡಿಯಲ್ಲಿ ನಾನು,
ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು, ಬೇಯುವ ಗೂಡಿನ ವಾಸನೆ.
ಆ ವಾಸನೆ ಹೇಳಿದರೆ ತಿಳಿಯುವುದಲ್ಲ, ಬಿಡಿ.

ಅಬ್ಬಾ ಕೊಳ್ಳುವ ಗೂಡಿನ ತೂಕಕ್ಕೆ
ನಾನೇ ಬರೆದ ಪ್ರೋಗ್ರಾಮು. ಫೋಲ್ಡರು ತೆರೆದರೆ
ತೂಕ, ತೂಕ-ಹೊಸದು, ತೂಕ-ಕೊನೆಯದು,
ತೂಕ-ಕೊನೆಯದು-ಎರಡು,
ತೂಕ-ಇದೇ-ಸರಿ-ಮುಟ್ಟಬೇಡ.
ಮುಟ್ಟಿದ್ದೆ.
ಯಾವತ್ತು, ಯಾಕೆ, ನೆನಪಿಲ್ಲ.

ಗೊತ್ತಾದದ್ದು ಜಂಗಮಕೋಟೆ ಕಡೆಯ ಪಿಳ್ಳಮುನಿಯಮ್ಮನಿಂದ.
ಮಡಿಚಿದ ಚೀಟಿ ಬಿಚ್ಚಿ ಮೇಜಿಗೆ ಒತ್ತಿ ಹಿಡಿದಳು:
"ತಕ್ಕಡಿ ನಲವತ್ತೊಂದು ಕಿಲೋ ಆರುನೂರು ಅಂತು,
ನಿನ್ನ ಮಿಷನ್ನು ಬರೀ ನಲವತ್ತೊಂದು ಅಂತದೆ.
ಆರುನೂರು ಗ್ರಾಮು ಯಾರ ಹೊಟ್ಟೆಗೋಯ್ತಮ್ಮಾ?"
ಎಂಟು ವಾರದ ಚೀಟಿ ತಿರುವಿದೆ. ಎಲ್ಲ ಚೀಟಿಯಲ್ಲೂ
ದಶಾಂಶದ ಬಾಲ ಕತ್ತರಿಸಿದೆ. ಕತ್ತರಿಸಿದ್ದು ನಾನೇ,
ಅಂಕಿ ಚೆಂದ ಕಾಣಲಿ ಅಂತಲೋ ಏನೋ.

ಅವತ್ತು ರಾತ್ರಿ ಗಿಟ್ ಇಳಿಸಿದೆ.
ಕರೆಂಟು ಎರಡು ಸಲ ಹೋಯಿತು, ನೆಟ್ಟು ಎಷ್ಟು ಸಲವೋ.
ಮೊದಲು ಕೇಳಿದ್ದು, ನೀನು ಯಾರು?
ಮುಬೀನಾ ಅಂತ ಹೊಡೆದೆ. ಇನ್ನು ಸಾಲು ಸಾಲಿಗೂ
ಈ ಹೆಸರು ಅಂಟುತ್ತದೆ ಅನ್ನುವಾಗ
ಬೆರಳು ಒಂದು ಗಳಿಗೆ ತಡೆಯಿತು.

ಯಾವುದನ್ನು ಲೆಕ್ಕಕ್ಕೆ ಹಿಡಿಯಬಾರದು
ಅಂತ ಹೇಳಲಿಕ್ಕೂ ಒಂದು ಪಟ್ಟಿ ಬೇಕಂತೆ.
ಪಾಸ್‌ವರ್ಡಿನ ಕಡತ, ದಿನದ ಕಸ. ಬರೆದೆ.

ಏನು ಮಾಡಿದೆ, ಒಂದು ಸಾಲಲ್ಲಿ ಹೇಳು ಅಂತ
ಕಪ್ಪು ಪರದೆಯೊಂದು ತೆರೆದುಕೊಂಡಿತು.
ಒಳಗೆ ಹೋದೆ. ಹೊರಗೆ ಬರಲು ಬಾಗಿಲೇ ಇಲ್ಲ.
ಹೊಡೆದದ್ದು ಮೂಡದು, ಮೂಡಿದ್ದು ಅಳಿಯದು,
ಇಪ್ಪತ್ತು ನಿಮಿಷ.
ಕೊನೆಗೆ ಎಸ್ಕೇಪು, ಕೋಲನ್, ಡಬ್ಲ್ಯೂ, ಕ್ಯೂ,
ತಾಯಿತದೊಳಗಿನ ಅಕ್ಷರದ ಹಾಗೆ
ಅರ್ಥ ಕೇಳದೆ ಒತ್ತಿದೆ.

ಬೆಳಗಿನ ಜಾವ ಅಬ್ಬಾ ಚಹಾ ತಂದು ಓದಿದರು:
"ಇದ್ದದ್ದು ಇದ್ದ ಹಾಗೆ. ತೂಕ ಇಲ್ಲಿ ಕಳೆಯುತ್ತಿದೆ."
"ತಪ್ಪನ್ನೇ ಮೊದಲು ಇಡ್ತೀಯಾ? ತಿದ್ದಿ ಇಡಬಾರದಾ?"
ಅವರ ಕೆಂಪು ಬಟ್ಟೆಯ ಖಾತೆ ಪುಸ್ತಕ ತೆರೆದು ತೋರಿಸಿದೆ.
ಎಲ್ಲೂ ರಬ್ಬರು ಉಜ್ಜಿಲ್ಲ. ತಪ್ಪಿದ ಅಂಕಿಯ ಮೇಲೆ
ಒಂದೇ ಗೀಟು, ಅಡಿಯದು ಓದಲು ಬರುವಷ್ಟು ತೆಳ್ಳಗೆ,
ಪಕ್ಕದಲ್ಲಿ ಅವರದೇ ಸಣ್ಣ ಸಹಿ.
ಅಬ್ಬಾ ಮಾತಾಡಲಿಲ್ಲ. ಅದ್ದಿದ ಬಿಸ್ಕತ್ತು
ಮುರಿದು ಲೋಟದೊಳಗೆ ಬಿತ್ತು.

ಎರಡನೆಯ ಸಾಲು ಬರೆದೆ: "ಬಾಲ ವಾಪಸ್ಸು."

ಕೆಳಗೆ ರಾಟೆ ಶುರುವಾಗಿ, ನಿಂತಿತು. ಎಳೆ ಕಡಿದಿರಬೇಕು.
ಬಿಸಿನೀರಲ್ಲಿ ಬೆಂದು ಬಿಳಚಿದ ಬೆರಳುಗಳಿಂದ
ಗುಲ್ಜಾರಮ್ಮ ತುದಿ ಹುಡುಕುತ್ತಿದ್ದಾಳೆ.
ಗಂಟು ಬಿತ್ತೋ ಏನೋ, ಮತ್ತೆ ಸದ್ದು.

ಆ ಎಂಟು ವಾರ ಮಾತ್ರ ಯಾವ ಗಂಟಿನಲ್ಲೂ ಇಲ್ಲ.
ಗಿಟ್ಟಿಗೆ ನನ್ನ ನಿನ್ನೆ ಗೊತ್ತಿಲ್ಲ.
ಚೀಟಿಗಳ ಕಟ್ಟು ಬಿಚ್ಚಿ ಕೂತಿದ್ದೇವೆ, ಪೆನ್ನು ಹಿಡಿದು.
ಅಬ್ಬಾ ಹೆಸರು ಓದುತ್ತಾರೆ, ನಿಧಾನಕ್ಕೆ,
ನಾನು ಕೊಡಬೇಕಾದ್ದನ್ನು ಬರೆಯುತ್ತೇನೆ.