ಒಂದು ಲೋಟ ಸಕ್ಕರೆ

ಸುಂಟಿಕೊಪ್ಪದ ತೋಟದ ಲೈನಿನಲ್ಲಿ
ನಮಗೂ ನಬೀಸಾಳಿಗೂ ನಡುವೆ
ಒಂದೇ ಗೋಡೆ, ಅದೂ ಹೆಂಚು ಮುಟ್ಟದ್ದು.

ಬಟವಾಡೆಯ ರಾತ್ರಿ
ಅಪ್ಪನ ದನಿ ಆ ಗೋಡೆ ಹತ್ತಿದ್ದೇ ತಡ
ಬಾಗಿಲಲ್ಲಿ ಅವಳು, ಕೈಯಲ್ಲಿ ಸ್ಟೀಲಿನ ಲೋಟ:
"ಒಂಚೂರು ಸಕ್ಕರೆ ಕೊಡಿ."
ಅವಳ ಡಬ್ಬಿಯ ತುಂಬ ಸಕ್ಕರೆ ಇರುತ್ತಿತ್ತು,
ನಾನೇ ಕದ್ದು ತಿಂದಿದ್ದೇನೆ.

ಬುದ್ಧಿ ಹೇಳಲಿಲ್ಲ, ಯಾವತ್ತೂ.
ಲೋಟ ತುಂಬುವವರೆಗೆ ನಿಂತು
ಕೆಳಗಿನ ಗದ್ದೆಗೆ ಆನೆ ಇಳಿದಿದೆಯಂತೆ ಎನ್ನುವಳು,
ಅಮ್ಮನ ಮುಖ ನೋಡಿಕೊಂಡೇ ಹೋಗುವಳು.

ಒಂದು ಶನಿವಾರ
ಅವಳು ಮಗಳ ಬಾಣಂತನಕ್ಕೆಂದು ಸಿದ್ದಾಪುರದಲ್ಲಿ.
ಅಪ್ಪನ ಕೈ ಮೇಲೆದ್ದಿತು.
ಬಾಗಿಲ ಕಡೆ ತಿರುಗಿದ.
ಕಾದ.
ಚಿಲಕ ಅಲುಗಲಿಲ್ಲ.

ಎತ್ತಿದ ಕೈ
ಏನು ಮಾಡಬೇಕೆಂದು ತೋಚದೆ
ಮೇಲಿನ ಹಲಗೆಯಿಂದ
ಸಕ್ಕರೆ ಡಬ್ಬಿ ಇಳಿಸಿತು.