ಒಂಬತ್ತು ನಿಮಿಷ

ಶೆಲ್ಬಿಯ ಅಗ್ನಿಶಾಮಕ ಠಾಣೆ. ನಸುಕಿನಲ್ಲೇ
ಕೆಂಪು ಲಾರಿಯನ್ನು ಹೊರಗೆ ನಿಲ್ಲಿಸಿ
ನಾಲ್ಕು ಮರೆಗಳನ್ನು ಕಟ್ಟಿದ್ದೇವೆ.
ಡೀಸೆಲ್ ವಾಸನೆ ಇನ್ನೂ ಹೋಗಿಲ್ಲ.
ಪಟ್ಟಿಯಲ್ಲಿ ಎ ಇಂದ ಕೆ ತನಕ ನನ್ನದು,
ಮಿಕ್ಕಿದ್ದು ಡಾರ್ಲೀನಳದು.
ಅವಳಿಗೆ ಮಂಡಿನೋವು. ನನಗೆ ಶಾಲೆಯ ಬಸ್ಸಿನಿಂದ ಇವತ್ತೊಂದು ದಿನ ಬಿಡುವು.

ಮೊಂಟಾನಾದ ಬೇಲಿ ಬೇಲಿಗೂ ಈ ಸಲ ಎರಡೇ ಹೆಸರು,
ಎರಡೂ ನಾಲಿಗೆಗೆ ಹೊಸವು.
ನಿನ್ನೆಯ ಗಾಳಿಗೆ ವಿಟ್ಲಾಕನ ಫಲಕ ಹಾರಿ
ಸ್ಯಾಂಡೊವಲ್ ಕಡೆಯವರ ಅಂಗಳದಲ್ಲಿ ಬಿತ್ತು.
ಅಲ್ಲೇ ಮಲಗಿದೆ. ಯಾರೂ ಎತ್ತಿಲ್ಲ, ಯಾರೂ ತುಳಿದಿಲ್ಲ.

ಹತ್ತೂ ನಲವತ್ತಕ್ಕೆ ಅವರು ಬಂದರು,
ತಾವೇ ಗಾಡಿ ಓಡಿಸಿಕೊಂಡು, ಬೂಟಿನ ಹಿಮ ಕೊಡವಿಕೊಂಡು.
'ಹೆಸರು?' ಅಂದೆ. ನಿಯಮ ನಿಯಮವೇ.
ಇಪ್ಪತ್ತನಾಲ್ಕು ವರ್ಷ ಇಡೀ ರಾಜ್ಯ ಕೂಗಿದ ಹೆಸರನ್ನು
ಕಾಗುಣಿತ ಸಮೇತ ಹೇಳಿದರು: ಓರಿನ್ ಹಾಗ್‌ಸ್ಟಡ್.
ಗುರುತಿನ ಚೀಟಿಯ ಫೋಟೋದಲ್ಲಿ
ಹುಬ್ಬು ಇನ್ನೂ ಕಪ್ಪು.

ನಾಲ್ಕು ಚುನಾವಣೆಗಳಲ್ಲಿ ಅವರು ಆ ಮರೆಯ ಹಿಂದೆ
ನಿಂತಿದ್ದೇ ಕಡಿಮೆ. ಸ್ವಂತ ಹೆಸರಿನ ಪಕ್ಕದ ಸೊನ್ನೆಗೆ
ಮಸಿ ತುಂಬಲು ಎಷ್ಟು ಹೊತ್ತು ಬೇಕು?
ಇವತ್ತು ಪರದೆಯ ಕೆಳಗೆ ಬೂಟು ಮಾತ್ರ ಕಾಣುತ್ತದೆ.
ಭಾರ ಎಡಕ್ಕೆ. ಭಾರ ಬಲಕ್ಕೆ.
ಗೋಧಿ ತುಂಬಿದ ಗೂಡ್ಸು ಬಂತು,
ನೂರು ಡಬ್ಬಿ ದಾಟಿ ಹೋಯಿತು.
ಮೇಜಿನ ಮೇಲೆ ಕಾಫಿ ಲೋಟ ನಡುಗಿ ಸುಮ್ಮನಾಯಿತು.
ಬೂಟು ಅಲ್ಲೇ ಇದೆ.

ನನ್ನ ತಮ್ಮನ ಸೈನ್ಯದ ಪಿಂಚಣಿಗಾಗಿ
ಅವರ ಕಚೇರಿ ಮೂರು ಪತ್ರ ಬರೆದಿತ್ತು.
ಊರ ಹೆರಿಗೆ ವಾರ್ಡು ಮುಚ್ಚಿದಾಗ ಒಂದೂ ಬರೆಯಲಿಲ್ಲ.
ಒಂದು ಸಲ ಅವರಿಗೆ ಹಾಕಿದ್ದೇನೆ, ಒಂದು ಸಲ ಹಾಕಿಲ್ಲ.
ಯಾವಾಗ ಅನ್ನುವುದು ಡಾರ್ಲೀನಳಿಗೂ ಗೊತ್ತಿಲ್ಲ.

ಒಂಬತ್ತನೆಯ ನಿಮಿಷಕ್ಕೆ ಪರದೆ ಸರಿಯಿತು.
'ತಪ್ಪಾಯಿತಮ್ಮ. ಇನ್ನೊಂದು ಕೊಡ್ತೀಯಾ?'
ಮಡಿಸಿದ ಕಾಗದವನ್ನು ಕೈ ನಡುಗದೆ ಚಾಚಿದರು.
ನೋಡದೆ 'ರದ್ದು' ಎಂದು ಮುದ್ರೆ ಒತ್ತಿ
ಲಕೋಟೆಗೆ ಸೇರಿಸಿದೆ.
ನೋಡಲಿಲ್ಲ, ಆಣೆ.
ನೋಡಬೇಕೆನ್ನಿಸಲಿಲ್ಲ ಅಂದರೆ ಸುಳ್ಳಾದೀತು.

ಸಾಲಿನಲ್ಲಿ ಅವರ ಹಿಂದೆ ಗ್ರೀನ್‌ವುಡ್‌ರ ಹುಡುಗ,
ಹದಿನೆಂಟು ತುಂಬಿ ಮೂರು ವಾರ,
ಕಿವಿ ಕೆಂಪಗೆ ಮಾಡಿಕೊಂಡು ಕೇಳಿದ,
ಯಾರನ್ನು ಕೇಳುತ್ತಿದ್ದೇನೆಂಬ ಅರಿವಿಲ್ಲದೆ:
'ಇದರಲ್ಲಿ ಎರಡೂ ಬದಿ ತುಂಬಬೇಕಾ ಅಜ್ಜ?'

ಹೊಸ ಕಾಗದ ಹಿಡಿದು ಮರೆಯತ್ತ ಹೊರಟವರು
ಒಂದು ಗಳಿಗೆ ನಿಂತರು.
'ಹಿಂಬದಿ ಮರೀಬೇಡ ಮಗು,
ನೀರಿನ ತೆರಿಗೆ ಅಲ್ಲಿದೆ.'