ರಜಿಸ್ಟರು ನಂಬರ್ ಎಂಟು

ನಮ್ಮ ಮನೆಯಲ್ಲಿ ಧಾರವಾಡ ಅನ್ನುವ ಹಾಗಿರಲಿಲ್ಲ.
ಪೇಡೆ ಬಂದರೂ ಬರೇ ಪೇಡೆ.
ಅಜ್ಜನ ಅವ್ವ ಬನವ್ವ ಎಲ್ಲಿ ಹೋದಳೆಂದರೆ
ಶ್ರೀಶೈಲಕ್ಕೆ, ಕಂಬಿ ಹೊತ್ತವರ ಬೆನ್ನು ಹತ್ತಿ.
ಹೋದವಳು ಅಲ್ಲೇ ಮಲ್ಲಯ್ಯನ ಪಾಲಾದಳು.
ಬೆಟಗೇರಿಯ ಓಣಿಗೆ ಇಷ್ಟು ಸಾಕಿತ್ತು,
ಹೆಣ್ಣು ಕೊಡುವವರಿಗೂ.

ನಾನು ಗದಗಿನ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ
ಇಪ್ಪತ್ತಾರು ವರ್ಷ ಹಳೇ ಖರೇದಿ ಪತ್ರ ನಕಲು ಮಾಡಿದವಳು.
ಮೋಡಿ ಬರುತ್ತದೆ. ಸತ್ತ ಕಾರಕೂನರ ಓರೆ ಇಂಗ್ರಜಿಯೂ ಬರುತ್ತದೆ.
ಆದರೂ ಹುಚ್ಚರ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ
‘ರೋಗಿಗೂ ನಿಮಗೂ ಸಂಬಂಧ’ ಎಂಬ ಗೆರೆಯ ಮೇಲೆ
ಪೆನ್ನು ನಿಂತುಬಿಟ್ಟಿತು.
ಮುಲ್ಲಾನವರ ಚಹಾ ತರಿಸಿದರು.
“ಅವಸರಿಲ್ರೀ ಬಾಯಾರ,
ಅವರೇನ್ ಎಲ್ಲೂ ಹೋಗಂಗಿಲ್ಲ.”

ಎಂಟನೇ ರಜಿಸ್ಟರು, ಮುನ್ನೂರಾ ಹನ್ನೊಂದನೇ ಪುಟ.
ಬುನೋವಾ. ಹೆಂಗಸು. ನೇಕಾರಳು. ವಯಸ್ಸು ಇಪ್ಪತ್ತೈದು, ಅಂದಾಜು.
ತೂಕ ಎಪ್ಪತ್ತೊಂದು ಪೌಂಡು.
ಲಕ್ಷಣ: ರಾತ್ರಿ ನೂಲಿಲ್ಲದ ಮಗ್ಗದಲ್ಲಿ ಕೂತು ಲಾಳಿ ಎಸೆಯುತ್ತಾಳೆ.
ನೂಲಿಗೆ ಕಾಸಿದ ಗಂಜಿ ಕುಡಿಯುತ್ತಾಳೆ.
ಕಾರಣ: ಗೊತ್ತಿಲ್ಲ.

ಹತ್ತೊಂಬತ್ತನೇ ಇಸವಿಯ ಮಾರ್ಚಿ.
ಹಿಂದಿನ ದೀಪಾವಳಿಗೆ ಆ ಜ್ವರ ಬಂದು ಹೋಗಿತ್ತು,
ಗಂಡ, ಎರಡು ಕೂಸು, ಒಂದೇ ವಾರದಲ್ಲಿ.
ಇದು ನಾನು ಹೇಳುತ್ತಿರುವುದು, ಪುಟವಲ್ಲ.
ಗಂಜಿ ಯಾಕೆ ಕುಡಿದೆ ಅಂತ ಕೇಳಲಿಕ್ಕೆ
ಪುಟದಲ್ಲಿ ಕಾಲಮ್ಮಿಲ್ಲ.

ಅಳಬೇಕೆಂದೇ ಹೋಗಿದ್ದೆ, ನಿಜ ಹೇಳುತ್ತೇನೆ,
ಪರ್ಸಿನಲ್ಲಿ ಹೊಸ ಕರವಸ್ತ್ರ ಇಟ್ಟುಕೊಂಡು,
ಸರಪಳಿ, ಕತ್ತಲೆ ಕೋಣೆ, ತಣ್ಣೀರಿಗೆಲ್ಲ ತಯಾರಾಗಿ.
ಸಿಕ್ಕದ್ದು ತಿಂಗಳ ತೂಕ:
ಎಪ್ಪತ್ತನಾಲ್ಕು. ಎಪ್ಪತ್ತನಾಲ್ಕು. ಎಂಬತ್ತು. ಎಂಬತ್ತಾರು.
ನಿದ್ದೆ ಚೆನ್ನ. ಮಗ್ಗದ ಶೆಡ್ಡಿನಲ್ಲಿ ದಿನಕ್ಕೆ ನಾಲ್ಕು ಗಜ.
ಇನ್ನೊಬ್ಬಳ ತಲೆ ಬಾಚುತ್ತಾಳೆ.
ತೊಂಬತ್ತೆರಡು.

ಎರಡು ವರ್ಷದ ಮೇಲೆ: ಸುಧಾರಿಸಿದ್ದಾಳೆ.
ಮೈದುನ ಕರೆದೊಯ್ಯಲು ಬಂದಿದ್ದ. ಜೊತೆಗೊಬ್ಬ ಹುಡುಗ.
ಆಮೇಲೆ ಒಂದೇ ಶಬ್ದ, ಅಡಿಗೆರೆ ಎಳೆದು.
ಡಬ್ಲ್ಯೂ, ಓ, ಎರಡು ಎಲ್, ಇ.
ಉಣ್ಣೆ ಅಂದುಕೊಂಡೆ.
ಕಂಬಳಿ ನೇಯಲು ಹಚ್ಚಿದರೇನೋ,
ನಮ್ಮವರು ಹತ್ತಿ ಬಿಟ್ಟು ಉಣ್ಣೆ ಮುಟ್ಟಿದವರಲ್ಲವಲ್ಲ ಅಂತ
ಅದರ ಮೇಲೇ ಹತ್ತು ನಿಮಿಷ ಕೂತೆ.
ಮುಲ್ಲಾನವರ ಚಾಳೀಸು ಏರಿಸಿ
ಒಂದನೇತ್ತೆ ಹುಡುಗನಂತೆ ಬಾಯಿಬಿಟ್ಟು ಓದಿದರು:
“ವೊ… ಲ್ಲೆ.”

ಒಲ್ಲೆ.

ಇಂಗ್ರಜಿ ಸಿಗದೆ ಆ ಕಾರಕೂನ
ಅವಳ ಬಾಯಿಂದ ಬಿದ್ದದ್ದನ್ನು ಬಿದ್ದ ಹಾಗೇ ಎತ್ತಿಟ್ಟಿದ್ದ.

ಊಟಕ್ಕೆ ಕೂತಾಗ ನಾವು ‘ಒಲ್ಲೆ’ ಅಂದರೆ
ಅಜ್ಜನ ಕೈ ಬೀಸಿ ಬರುತ್ತಿತ್ತು.
“ಸಾಕು ಅನ್ನು. ಇಲ್ಲಾ ಎದ್ದು ಹೋಗು.
ಆ ಮಾತು ಈ ಮನ್ಯಾಗ ಬ್ಯಾಡ.”
ಅನ್ನದ ಮೇಲಿನ ಭಕ್ತಿ ಅಂದುಕೊಂಡಿದ್ದೆ ಇಷ್ಟು ವರ್ಷ.
ಏಳು ವರ್ಷದವ ಬಂದಿದ್ದ, ಈ ಕಟ್ಟಡದ ಯಾವುದೋ ಬಾಗಿಲ ತನಕ.
ಶ್ರೀಶೈಲದ ಕತೆ ನಮಗೆ ಹೇಳಿದವನೂ ಅವನೇ,
ಕಂಬಿಯ ಗೆಜ್ಜೆ ಸಪ್ಪಳ ಸಮೇತ.

“ಮುಂದಿಂದು ಒಂಬತ್ತನೇ ರಜಿಸ್ಟರಿನ್ಯಾಗ ಐತ್ರಿ.
ಒಂಬತ್ತನೇದು ಗೆದ್ದಲಿ ತಿಂದಾವು.”

ಬಸ್ಸು ಅಣ್ಣಿಗೇರಿ ದಾಟಿದ ಮೇಲೆ ಚೌಡವ್ವತ್ತಿಯ ಫೋನು.
ಎಂಬತ್ನಾಲ್ಕಾದರೂ ಸುತ್ತಿ ಬಳಸಿ ಕೇಳುವವಳಲ್ಲ.
“ಸಿಕ್ಕಳೇನ?”
ಸಿಕ್ಕಳು.
“ಉಂಡಿದ್ದಳಂತೇನ?”
ತೊಂಬತ್ತೆರಡು ಪೌಂಡು, ಅಂದೆ. ಉಳಿದದ್ದು ಬಾಯಿಗೆ ಬರಲಿಲ್ಲ.
“ಕಿಲೋದಾಗ ಹೇಳ.”
ನಲವತ್ತೆರಡಕ್ಕೆ ಚೂರು ಕಮ್ಮಿ.
ಆ ಕಡೆ ಮಗ್ಗದ ಸಪ್ಪಳ, ಯಾರದೋ ಮನೆಯದು.
“ಮೊನ್ನೆ ದವಾಖಾನ್ಯಾಗ ತೂಗಿದ್ರು.
ನಾನೂ ಅಷ್ಟ ಅದೀನಿ,” ಅಂದಳು.